ಮುಂಬಯಿಯ ಮನೆ ವ್ಯಾಯಾಮಕ್ಕೆ ಊರಿನಲ್ಲಿ ಸಿಕ್ಕ ಗ್ರಾಹಕರು

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಮುಂಬಯಿಯ ಜಿಮ್‌ಗಳೂ ಉದ್ಯಾನಗಳೂ ಬಾಗಿಲು ಹಾಕಿದವು, ತಿಂಗಳ ಕೊನೆಗೆ ಲಾಕ್‌ಡೌನ್ ಜಾರಿಯಾಯಿತು. ಡೊಂಬಿವಲಿಯ ಒಂದು ಜಿಮ್‌ನಲ್ಲಿ ತರಬೇತಿ ಕೊಡುತ್ತಿದ್ದ ನಾನು ಆಗ ಪರಿಚಯದ ಕನ್ನಡ ಕುಟುಂಬಗಳ ಹೆಣ್ಣುಮಕ್ಕಳಿಗಾಗಿ, ಮನೆಯಲ್ಲೇ ಮಾಡಬಹುದಾದ ವ್ಯಾಯಾಮದ ತರಗತಿಯನ್ನು ವಿಡಿಯೊ ಕರೆಯ ಮೂಲಕ ಆರಂಭಿಸಿದೆ. ಬಾಯಿಂದ ಬಾಯಿಗೆ ಸುದ್ದಿ ಹರಡಿ ಥಾಣೆ, ಮುಲುಂಡ್, ಮೀರಾರೋಡ್‌ಗಳಿಂದಲೂ ಜನ ಸೇರಿಕೊಂಡರು. ಗ್ರಾಹಕರನ್ನು ಹುಡುಕಿಕೊಂಡು ಹೋಗುವ ಪ್ರಮೇಯವೇ ಬರಲಿಲ್ಲ. ಕಚೇರಿಗಳು ಮತ್ತೆ ತೆರೆದು, ಲೋಕಲ್ ರೈಲುಗಳು ಮೊದಲಿನಂತೆ ತುಂಬಿ ಓಡತೊಡಗಿದ ಮೇಲೆ ಪರಿಸ್ಥಿತಿ ತಿರುಗಿತು. ಬೆಳಗಿನ ಆರು ಗಂಟೆಯ ತರಗತಿಗೆ ಬರುವವರು ತಿಂಗಳಿಂದ ತಿಂಗಳಿಗೆ ಕಡಿಮೆಯಾದರು. ಅಷ್ಟು ಹೊತ್ತಿಗೆ ಜಿಮ್‌ನ ಕೆಲಸ ಬಿಟ್ಟು ಇದನ್ನೇ ನಂಬಿಕೊಂಡಿದ್ದ ನನಗೆ, ಹೊಸ ಗ್ರಾಹಕರು ಯಾರು, ಅವರು ಎಲ್ಲಿದ್ದಾರೆ ಎಂಬುದನ್ನು ಕ್ರಮವಾಗಿ ಹುಡುಕುವುದು ಅನಿವಾರ್ಯವಾಯಿತು.

ಸುತ್ತಮುತ್ತಲಿನವರು ಕೊಟ್ಟ ಸಲಹೆ ಎರಡೇ: ಶುಲ್ಕ ಇಳಿಸು, ಇಲ್ಲವೇ ‘ತಿಂಗಳಲ್ಲಿ ಇಷ್ಟು ಕಿಲೋ ತೂಕ ಇಳಿಸಿ’ ಎಂದು ಇನ್‌ಸ್ಟಾಗ್ರಾಮ್‌ನಲ್ಲಿ ಜಾಹೀರಾತು ಹಾಕು. ಮೊದಲನೆಯದರಿಂದ ನನ್ನ ಹೊಟ್ಟೆ ತುಂಬುವುದಿಲ್ಲ, ಎರಡನೆಯದು ಮಾತು ಕೊಟ್ಟು ತಪ್ಪುವ ದಾರಿ. ನಮ್ಮ ದೇಶದಲ್ಲಿ ವ್ಯಾಯಾಮದ ಅಗತ್ಯ ಇರುವವರಿಗೇನೂ ಬರವಿಲ್ಲ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ದೇಹಕ್ಕೆ ಬೇಕಾದಷ್ಟು ಚಟುವಟಿಕೆ ಇರಲಿಲ್ಲ. ಹೆಂಗಸರಲ್ಲಿ ಈ ಪ್ರಮಾಣ ಶೇಕಡಾ 57. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಚಟುವಟಿಕೆ ಮತ್ತು ಎರಡು ದಿನವಾದರೂ ಸ್ನಾಯುಗಳಿಗೆ ಬಲ ತುಂಬುವ ವ್ಯಾಯಾಮ. ಇಂಥ ಅಂಕಿಗಳನ್ನು ಓದಿದಾಗ ಎಲ್ಲರೂ ನಮ್ಮ ಗ್ರಾಹಕರೇ ಎಂದು ಅನ್ನಿಸುವುದು ಸಹಜ. ಆದರೆ ಎಲ್ಲರನ್ನೂ ಉದ್ದೇಶಿಸಿ ಆಡಿದ ಮಾತನ್ನು ಯಾರೂ ತಮ್ಮದೆಂದು ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದ್ದರಿಂದ ಹೊಸಬರನ್ನು ಹುಡುಕುವ ಮೊದಲು, ಬಿಟ್ಟುಹೋದವರ ಮನೆಗಳಿಗೇ ಹೋಗಿ ಮಾತನಾಡಿಸಬೇಕೆಂದು ನಿರ್ಧರಿಸಿದೆ.

ಈ ಮಾತುಕತೆಗಳು ನನಗೆ ಬಹಳ ಉಪಯೋಗವಾದವು. ಶುಲ್ಕ ಹೆಚ್ಚಾಯಿತೆಂದು ಬಿಟ್ಟವರು ತೀರಾ ವಿರಳ. ಹೆಚ್ಚಿನವರ ತೊಂದರೆ ಇದ್ದದ್ದು ಮನೆಯ ಹಾಲ್‌ನಲ್ಲಿ. ಒಂದು ಬೆಡ್‌ರೂಮಿನ ಮನೆಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಹಾಲ್‌ನ ನೆಲದ ಮೇಲೆ ಮಕ್ಕಳು ಮಲಗಿರುತ್ತಾರೆ, ಸೋಫಾದಲ್ಲಿ ಮಾವನವರು ಪೇಪರ್ ಓದುತ್ತಿರುತ್ತಾರೆ, ಅಡುಗೆಮನೆಯಲ್ಲಿ ಡಬ್ಬಿಗೆ ಚಪಾತಿ ಬೇಯುತ್ತಿರುತ್ತದೆ, ನಲ್ಲಿಯಲ್ಲಿ ನೀರು ಬರುವುದೂ ಅದೇ ಹೊತ್ತಿಗೆ. ಲಾಕ್‌ಡೌನ್‌ನಲ್ಲಿ ಯಾರಿಗೂ ರೈಲು ಹಿಡಿಯುವ ಅವಸರ ಇರದ ಕಾರಣ ಇದೆಲ್ಲ ಹೇಗೋ ನಡೆದಿತ್ತು. ಮುಂಚೆ ಚೆನ್ನಾಗಿ ಮಾಡುತ್ತಿದ್ದ ಧಾರವಾಡ ಕಡೆಯ ಒಬ್ಬ ಗೃಹಿಣಿ ಹೇಳಿದ್ದು ಇದು: “ಜಿಗಿಯೂದು ಹಚ್ಚಿದ್ರ ಕೆಳಗಿನ ಮನೀಯವ್ರು ಬಂದು ಬಾಗಿಲಾ ಬಡೀತಾರ್ರಿ. ಮಾವನವರ ಮುಂದ ಕೈಕಾಲು ಎತ್ತಿ ಮಾಡಾಕ ನನಗೂ ಸರಿ ಅನಸೂದಿಲ್ಲ.” ಆಕೆಗೆ ಆಸಕ್ತಿ ಹೋಗಿರಲಿಲ್ಲ, ಆಕೆಯ ಮನೆಯಲ್ಲಿ ಆ ಹೊತ್ತಿಗೆ ಜಾಗ ಇರಲಿಲ್ಲ, ಅಷ್ಟೆ.

ಹೀಗಾಗಿ ಹೊಸ ಮಾರುಕಟ್ಟೆಯ ಹುಡುಕಾಟ ಕಾರ್ಯಕ್ರಮದ ಬದಲಾವಣೆಯಿಂದ ಶುರುವಾಯಿತು. ಒಂದು ಯೋಗ ಮ್ಯಾಟ್ ಹಾಸುವಷ್ಟು ಜಾಗ, ಅಂದರೆ ಆರು ಅಡಿ ಉದ್ದ, ಎರಡು ಅಡಿ ಅಗಲ, ಇದನ್ನೇ ಗಡಿಯೆಂದು ಇಟ್ಟುಕೊಂಡು ಎಲ್ಲ ವ್ಯಾಯಾಮಗಳನ್ನೂ ಮತ್ತೆ ಜೋಡಿಸಿದೆ. ಜಿಗಿತಗಳನ್ನು ಪೂರ್ತಿ ತೆಗೆದೆ. ಗೋಡೆಗೆ ಕೈಯೂರಿ ಮಾಡುವ ದಂಡ, ಕುರ್ಚಿಯಿಂದ ಎದ್ದು ಕೂರುವುದು, ರಬ್ಬರ್ ಬ್ಯಾಂಡ್ ಎಳೆಯುವುದು, ನಿಂತಲ್ಲೇ ಮೊಣಕಾಲು ಎತ್ತಿ ನಡೆಯುವುದು ಮುಂತಾಗಿ ಸದ್ದಾಗದ, ಚೂಡಿದಾರದಲ್ಲೂ ಮಾಡಬಹುದಾದ ವ್ಯಾಯಾಮಗಳೇ ಉಳಿದವು. ಸಮಯವನ್ನು ಬೆಳಿಗ್ಗೆ ಹತ್ತೂಮುಕ್ಕಾಲಕ್ಕೆ ಒಂದು, ಮಧ್ಯಾಹ್ನ ಎರಡೂವರೆಗೆ ಒಂದು ಎಂದು ಬದಲಿಸಿದೆ. ಗಂಡ, ಮಕ್ಕಳು ಹೊರಟುಹೋಗಿ ಹಾಲ್ ಖಾಲಿಯಾಗುವುದು ಮೊದಲ ಹೊತ್ತಿಗೆ. ಊಟ ಮುಗಿದು ಹಿರಿಯರು ಒಳಗೆ ಮಲಗುವುದು ಎರಡನೆಯ ಹೊತ್ತಿಗೆ. ಜೂಮ್‌ನ ಉಚಿತ ಖಾತೆಯಲ್ಲಿ ನಲವತ್ತು ನಿಮಿಷಕ್ಕೆ ಕರೆ ಕಡಿದುಹೋಗುವುದರಿಂದ ತರಗತಿಯನ್ನೂ ಅಷ್ಟರೊಳಗೇ ಮುಗಿಸುವಂತೆ ಮಾಡಿದೆ, ಖರ್ಚೂ ಉಳಿಯಿತು. ಬಿಟ್ಟುಹೋದವರಲ್ಲಿ ಕೆಲವರು ಮರಳಿದರು. ಅದಕ್ಕಿಂತ ಮುಖ್ಯವಾಗಿ, ಜೀವನದಲ್ಲಿ ಎಂದೂ ವ್ಯಾಯಾಮದ ತರಗತಿಗೆ ಸೇರದಿದ್ದ ನಲವತ್ತೈದು ದಾಟಿದ ಗೃಹಿಣಿಯರು ಬಂದರು. ಜಿಮ್‌ಗಳು ಈ ಹೆಂಗಸರನ್ನು ಗ್ರಾಹಕರೆಂದು ಎಣಿಸಿದ್ದನ್ನೇ ನಾನು ಕಂಡಿರಲಿಲ್ಲ.

ಇದಾದ ಮೇಲೆ ಇನ್ನೂ ಯಾವ ಗುಂಪುಗಳು ಇರಬಹುದೆಂದು ಪಟ್ಟಿ ಮಾಡಿಕೊಂಡು ಒಂದೊಂದಾಗಿ ಪರೀಕ್ಷಿಸಿದೆ. ಐರೋಲಿ, ಪವಾಯಿಯ ಐ.ಟಿ. ಕಚೇರಿಗಳ ನೌಕರರಿಗೆ ಕಂಪನಿಯೇ ಆ್ಯಪ್‌ಗಳ ಸದಸ್ಯತ್ವ ಕೊಡಿಸುತ್ತದೆ. ಅಲ್ಲಿ ಒಬ್ಬಂಟಿ ತರಬೇತುದಾರಳು ಪೈಪೋಟಿಗೆ ಇಳಿಯುವುದರಲ್ಲಿ ಅರ್ಥವಿರಲಿಲ್ಲ. ಬಾಣಂತಿಯರಿಂದ ಬೇಡಿಕೆ ನಿಜವಾಗಿಯೂ ಇತ್ತು, ಆದರೆ ಹೆರಿಗೆಯ ನಂತರ ಹೊಟ್ಟೆಯ ಸ್ನಾಯುಗಳು ಬೇರ್ಪಟ್ಟಿವೆಯೇ, ಶಸ್ತ್ರಚಿಕಿತ್ಸೆಯ ಗಾಯ ಮಾಗಿದೆಯೇ ಎಂಬುದನ್ನು ಮುಟ್ಟಿ ನೋಡದೆ ಹೇಳಲಾಗದು. ಅಂಥವರನ್ನು ನಾನು ಫಿಸಿಯೊಥೆರಪಿಸ್ಟ್‌ಗಳ ಬಳಿ ಕಳಿಸುತ್ತೇನೆ. ಅವರು ಒಪ್ಪಿಗೆ ಕೊಟ್ಟು ಮರಳಿ ಕಳಿಸಿದರೆ ಮಾತ್ರ ಸೇರಿಸಿಕೊಳ್ಳುತ್ತೇನೆ. ಈ ವಿಷಯದಲ್ಲಿ ಬೇಡಿಕೆ ಇದೆ ಎನ್ನುವುದೊಂದೇ ಸಾಕಾಗದು.

ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಆಸೆ ಇದ್ದದ್ದು ಹೋಟೆಲ್ ಕೆಲಸಗಾರರ ಮೇಲೆ. ಮುಂಬಯಿ ಕನ್ನಡಿಗರ ಬದುಕಿನ ದೊಡ್ಡ ಪಾಲು ಉಡುಪಿ ಹೋಟೆಲುಗಳ ಸುತ್ತ ಬೆಳೆದದ್ದು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮುಂದೆ ಬಂದ ಒಂದು ತಲೆಮಾರೇ ಇಲ್ಲಿ ಇದೆ. ಆ ಕೆಲಸ ದೇಹದಿಂದ ಏನನ್ನು ವಸೂಲು ಮಾಡುತ್ತದೆ ಎಂಬುದನ್ನು ತಿಳಿಯಲು ಪರಿಚಯದ ಒಬ್ಬ ಶೆಟ್ಟರ ಅನುಮತಿ ಪಡೆದು, ಮಧ್ಯಾಹ್ನದ ಬಿಡುವಿನ ಹೊತ್ತಿಗೆ ಅವರ ಹೋಟೆಲಿನ ಅಡುಗೆಮನೆಗೆ ಹೋದೆ. ದೋಸೆ ಕಾವಲಿಯ ಮುಂದೆ ನಿಲ್ಲುವ ಭಟ್ಟರು ನಸುಕಿನಿಂದ ನಿಂತೇ ಇದ್ದರು. ಅವರ ಭಾರವೆಲ್ಲ ಬಲಗಾಲಿನ ಮೇಲೆ ಇತ್ತು. ಹಿಟ್ಟು ಹರಡುವಾಗ ಬಲಭುಜ ಕಿವಿಯ ಹತ್ತಿರಕ್ಕೆ ಏರುತ್ತಿತ್ತು. ಲುಂಗಿ ಎತ್ತಿ ಕಟ್ಟಿದ್ದ ಕಾಲುಗಳ ಹಿಂಬದಿಯಲ್ಲಿ ನೀಲಿ ನರಗಳು ಗಂಟುಗಂಟಾಗಿ ಉಬ್ಬಿದ್ದವು. ನಿಂತಲ್ಲೇ ನಿಂತಾಗ ಮೀನಖಂಡದ ಸ್ನಾಯುಗಳು ಅಲುಗದೆ, ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವ ಕೆಲಸ ನಿಂತುಹೋಗುತ್ತದೆ. ರಕ್ತ ಕೆಳಗೇ ತಂಗಿ ಕಾಲು ಭಾರವಾಗುತ್ತದೆ, ಸಂಜೆಯ ಹೊತ್ತಿಗೆ ಪಾದ ಊದಿಕೊಳ್ಳುತ್ತದೆ. ಅವರಿಗೆ ತೂಕ ಇಳಿಸುವ ತರಗತಿಯಿಂದ ಏನೂ ಆಗಬೇಕಾಗಿರಲಿಲ್ಲ. ಗಂಟೆಗೊಮ್ಮೆ ಗ್ರಾನೈಟ್ ಕಟ್ಟೆ ಹಿಡಿದು ಹಿಮ್ಮಡಿಗಳನ್ನು ನಿಧಾನವಾಗಿ ಎತ್ತಿ ಇಳಿಸುವುದು, ಗೋಡೆಗೆ ಕೈಯೂರಿ ಮೀನಖಂಡ ಹಿಗ್ಗಿಸುವುದು, ಹಿಟ್ಟಿನ ಪಾತ್ರೆ ಎತ್ತುವಾಗ ಬೆನ್ನನ್ನು ಬಾಗಿಸದೆ ಸೊಂಟದಿಂದ ಬಗ್ಗುವುದು ಅವರಿಗೆ ಬೇಕಾಗಿತ್ತು. ಅವರು ಮಾಡಿ ನೋಡಿ “ಇದಾದ್ರೆ ಕೆಲಸ ಬಿಡದೆ ಮಾಡ್ಲಿಕ್ಕೆ ಆಗ್ತದೆ” ಎಂದರು. ಅವರ ಆ ಮಾತನ್ನು ನಾನು ಅಳತೆಗೋಲಾಗಿ ಇಟ್ಟುಕೊಂಡೆ.

ಹೋಟೆಲ್ ಮಾಲೀಕರಿಗೆ ಈ ಕಾರ್ಯಕ್ರಮವನ್ನು ಹೇಳುವಾಗ ಆರೋಗ್ಯದ ಮಾತಿನಿಂದ ಶುರು ಮಾಡಲಿಲ್ಲ. ಬೆನ್ನುನೋವೆಂದು ಭಟ್ಟರು ಊರಿಗೆ ಹೋದರೆ ಬದಲಿ ಸಿಗುವುದು ಎಷ್ಟು ಕಷ್ಟ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಕೆಲವರು ಒಪ್ಪಿ ತಿಂಗಳ ಶುಲ್ಕ ಕೊಟ್ಟರು. ನಾನು ಮಧ್ಯಾಹ್ನ ಮೂರೂವರೆಯಿಂದ ನಾಲ್ಕರ ನಡುವೆ ಹೋಗಿ ಕಲಿಸಿದೆ. ಆದರೆ ಮಾಟುಂಗದ ಹೋಟೆಲಿನಿಂದ ಅಂಧೇರಿಯ ಹೋಟೆಲಿಗೆ ಅದೇ ಬಿಡುವಿನ ಹೊತ್ತಿನೊಳಗೆ ತಲುಪುವಂತಿಲ್ಲ, ವಿಡಿಯೊ ಕರೆಯಾದರೆ ಅಡುಗೆಮನೆಯ ಸದ್ದಿನಲ್ಲಿ ಏನೂ ಕೇಳಿಸದು. ಹಾಗಾಗಿ ಇದು ದೊಡ್ಡದಾಗಿ ಬೆಳೆಯುವ ವ್ಯವಹಾರವಲ್ಲ. ವ್ಯಾಯಾಮಗಳ ಚಿತ್ರಗಳಿರುವ ಒಂದು ಹಾಳೆಯನ್ನು ಕನ್ನಡದಲ್ಲಿ ಮಾಡಿಸಿ, ಪ್ಲಾಸ್ಟಿಕ್ ಹೊದಿಸಿ, ಕೈತೊಳೆಯುವ ಜಾಗದ ಬಳಿ ಅಂಟಿಸಿ ಕೊಡುತ್ತೇನೆ. ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತೇನೆ. ಅದರಿಂದ ಬರುವ ಹಣ ಅಲ್ಪ. ಆದರೂ ಬಿಡಲು ನನಗೆ ಮನಸ್ಸಿಲ್ಲ, ಏಕೆಂದರೆ ನನ್ನ ಕೆಲಸದ ಈಗಿನ ಮುಖ್ಯ ಭಾಗ ಹುಟ್ಟಿದ್ದು ಆ ಅಡುಗೆಮನೆಯಿಂದಲೇ.

ಒಂದು ಮಧ್ಯಾಹ್ನ ಭಟ್ಟರಿಗೆ ಕುರ್ಚಿಯಿಂದ ಎದ್ದು ಕೂರುವುದನ್ನು ಹೇಳಿಕೊಡುತ್ತಿದ್ದಾಗ, ಗಲ್ಲಾದ ಮೇಲೆ ಕುಳಿತು ನೋಡುತ್ತಿದ್ದ ಶೆಟ್ಟರು ಕೇಳಿದರು: “ಟೀಚರ್, ಇದನ್ನು ನಮ್ಮ ಅಮ್ಮನಿಗೆ ಕಲಿಸ್ಲಿಕ್ಕೆ ಆಗ್ತದಾ? ಅವರು ಊರಲ್ಲಿ ಒಬ್ಬರೇ ಇರುವುದು. ಬಚ್ಚಲಲ್ಲಿ ಜಾರಿ ಬಿದ್ದರೆ ಎತ್ತುವವರಿಲ್ಲ.” ಅಮ್ಮ ಇದ್ದದ್ದು ಉಡುಪಿ ಜಿಲ್ಲೆಯ ಕಾಪು ಬಳಿಯ ಮನೆಯಲ್ಲಿ. ಮುಂಬಯಿಗೆ ಬರಲು ಅವರು ಒಪ್ಪುತ್ತಿರಲಿಲ್ಲ. ಎಂಟನೆಯ ಮಾಳಿಗೆಯ ಮನೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೂರುವುದು ಅವರಿಂದ ಆಗದ ಮಾತು. ಅಲ್ಲಿಯವರೆಗೆ ನಾನು ವ್ಯಾಯಾಮ ಮಾಡುವವರೇ ಹಣ ಕೊಡುವವರು ಎಂದು ಲೆಕ್ಕ ಹಾಕಿ, ಅಂಥವರನ್ನು ಮುಂಬಯಿಯ ಒಳಗೇ ಹುಡುಕುತ್ತಿದ್ದೆ. ಹಣ ಕೊಡುವ ಮಗ ಸಯನ್‌ನಲ್ಲಿ, ವ್ಯಾಯಾಮ ಮಾಡುವ ತಾಯಿ ಕಾಪುವಿನಲ್ಲಿ ಇರಬಹುದು ಎಂಬುದು ಆ ಪ್ರಶ್ನೆಯಿಂದ ಹೊಳೆಯಿತು. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ಎಷ್ಟು ಮನೆಗಳಲ್ಲಿ ಇದೇ ಚಿಂತೆ ಇದೆ ಎಂಬುದನ್ನು ತಿಳಿಯಲು ಯಾವ ಸಮೀಕ್ಷೆಯೂ ಬೇಕಿರಲಿಲ್ಲ. ನನ್ನ ತರಗತಿಯ ಹೆಂಗಸರನ್ನು ಕೇಳಿದೆ. ಪ್ರತಿಯೊಬ್ಬರಿಗೂ ಊರಿನಲ್ಲಿ ಒಬ್ಬ ತಾಯಿ, ಅತ್ತೆ ಅಥವಾ ದೊಡ್ಡಮ್ಮ ಇದ್ದರು.

ಶೆಟ್ಟರ ಅಮ್ಮನ ಜೊತೆಗಿನ ಮೊದಲ ವಿಡಿಯೊ ಕರೆಯನ್ನು ಪಕ್ಕದ ಮನೆಯ ಹುಡುಗಿ ಫೋನ್ ಹಿಡಿದು ಮಾಡಿಸಿದಳು. ವಯಸ್ಸಾದವರ ಕಾಲಿನ ಬಲ ಅಳೆಯಲು ಒಂದು ಸರಳ ಪರೀಕ್ಷೆ ಇದೆ: ಸುಮಾರು ಹದಿನೇಳು ಇಂಚು ಎತ್ತರದ, ಕೈಯಿಲ್ಲದ ಕುರ್ಚಿಯಲ್ಲಿ ಕುಳಿತು, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡು, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಂದು ಎಣಿಸುವುದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪಟ್ಟಿಯಂತೆ 70ರಿಂದ 74 ವಯಸ್ಸಿನ ಮಹಿಳೆ ಹತ್ತಕ್ಕಿಂತ ಕಡಿಮೆ ಸಲ ಎದ್ದರೆ ಬೀಳುವ ಅಪಾಯ ಇದೆ ಎಂದು ಲೆಕ್ಕ. ಅಮ್ಮನ ಮನೆಯಲ್ಲಿ ಇದ್ದದ್ದು ಪ್ಲಾಸ್ಟಿಕ್ ಕುರ್ಚಿ, ನುಣುಪಾದ ಕಾವಿ ನೆಲ. “ಕೈ ಊರದೆ ಏಳ್ಲಿಕ್ಕೆ ಆಗುದಿಲ್ಲ ಮಗಾ, ಕುರ್ಚಿಯೇ ಹಿಂದೆ ಹೋಗ್ತದೆ” ಎಂದರು. ಕುರ್ಚಿಯ ಬೆನ್ನನ್ನು ಗೋಡೆಗೆ ಒತ್ತಿಸಿ, ಪಾದ ಒರೆಸಿಕೊಳ್ಳಲು ಹೇಳಿ, ಹುಡುಗಿಯನ್ನು ಪಕ್ಕದಲ್ಲೇ ನಿಲ್ಲಿಸಿದೆ. ಕೈ ಊರದೆ ಅವರು ಒಂದು ಸಲವೂ ಏಳಲಾಗಲಿಲ್ಲ. ಆದ್ದರಿಂದ ಮಂಚದ ಮೇಲೆ ದಪ್ಪ ಜಮಖಾನ ಮಡಿಸಿ ಹಾಕಿ ಎತ್ತರ ಹೆಚ್ಚಿಸಿ, ಅಲ್ಲಿಂದ ಏಳುವುದನ್ನು ಕಲಿಸಿದೆ. ವಾರಗಳು ಕಳೆದಂತೆ ಜಮಖಾನದ ಒಂದೊಂದೇ ಮಡಿಕೆ ತೆಗೆಯುತ್ತ ಬಂದೆವು. ಕುರ್ಚಿಯಿಂದ ಕೈಯೂರದೆ ಎದ್ದು ನಿಂತ ದಿನ ಅವರು ಮಗನಿಗೆ ತಾವೇ ಫೋನ್ ಮಾಡಿ ಹೇಳಿದರಂತೆ.

ರಜೆಗೆ ಮತ್ಸ್ಯಗಂಧ ರೈಲು ಹಿಡಿದು ಊರಿಗೆ ಹೋದಾಗ ಇಂಥ ಹಲವು ಮನೆಗಳನ್ನು ನೋಡಿ ಬಂದೆ. ಹೊಸ ಗ್ರಾಹಕರು ಸಿಕ್ಕರೆಂದು ಹಳೆಯ ಕಾರ್ಯಕ್ರಮವನ್ನೇ ಕೊಡುವಂತಿಲ್ಲ ಎಂಬುದು ಅಲ್ಲಿ ಸ್ಪಷ್ಟವಾಯಿತು. ಈ ಮನೆಗಳಲ್ಲಿ ಜಾಗಕ್ಕೆ ಕೊರತೆಯಿಲ್ಲ. ಅಪಾಯ ಇರುವುದು ಮಳೆಗಾಲದಲ್ಲಿ ಒದ್ದೆಯಾಗುವ ಜಗಲಿಯಲ್ಲಿ, ಅಂಗಳದ ಪಾಚಿಯಲ್ಲಿ, ಎತ್ತರದ ಹೊಸ್ತಿಲಿನಲ್ಲಿ, ರಾತ್ರಿ ಬಚ್ಚಲಿಗೆ ಹೋಗುವ ದಾರಿಯ ಮಂದ ದೀಪದಲ್ಲಿ. ಅರವತ್ತೈದು ದಾಟಿದವರಿಗೆ ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಬಲ ಹೆಚ್ಚಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದನ್ನು ಆಧರಿಸಿ ಹೊಸ್ತಿಲು ದಾಟುವುದನ್ನೇ ಒಂದು ವ್ಯಾಯಾಮವಾಗಿ ಮಾಡಿದೆ: ಬಾಗಿಲ ಚೌಕಟ್ಟು ಹಿಡಿದು ಒಂದು ಕಾಲನ್ನು ಎತ್ತಿ ದಾಟಿಸುವುದು, ಮರಳಿ ತರುವುದು, ಮತ್ತೆ ಇನ್ನೊಂದು ಕಾಲು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವುದರಿಂದ ತುಳು ಮತ್ತು ಕನ್ನಡದಲ್ಲಿ ನನ್ನ ಧ್ವನಿಯನ್ನೇ ಮುದ್ರಿಸಿ ಫೋನ್‌ಗೆ ಹಾಕಿಸಿದೆ. ಪೇಟೆಯ ಆ್ಯಪ್‌ಗಳು ಹಿಂದಿ, ಇಂಗ್ಲಿಷಿನಲ್ಲಿ ಎಷ್ಟು ಚಂದವಾಗಿ ಹೇಳಿದರೂ ಈ ಅಮ್ಮಂದಿರಿಗೆ ಅದು ತಲುಪದು. ಮುಂಬಯಿಯಲ್ಲಿ ನನಗೆ ಹೆಚ್ಚಿನ ಲಾಭ ತಂದುಕೊಡದಿದ್ದ ನನ್ನ ಮನೆಮಾತು ಇಲ್ಲಿ ವ್ಯವಹಾರದ ಆಧಾರವೇ ಆಯಿತು. ಸಂಜೆಯ ಚಹಾ ಆಗಿ, ದೇವರ ದೀಪ ಹಚ್ಚುವ ಮೊದಲಿನ ಹೊತ್ತು ಹೆಚ್ಚಿನವರಿಗೆ ಅನುಕೂಲ. ತರಗತಿಯೂ ಅದೇ ಹೊತ್ತಿಗೆ.

ಹಣ ಕೊಡುವ ಮಕ್ಕಳನ್ನು ತಲುಪಲು ಮುಂಬಯಿಯ ನಮ್ಮ ಸಂಘಸಂಸ್ಥೆಗಳಷ್ಟು ಒಳ್ಳೆಯ ದಾರಿ ಬೇರೊಂದಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಶನ್ 1926ರಲ್ಲಿ ಹುಟ್ಟಿದ ಈ ನಗರದಲ್ಲಿ ಜಾತಿಗೊಂದು, ಉಪನಗರಕ್ಕೊಂದು ಎಂಬಂತೆ ಸಂಘಗಳಿವೆ. ವಾರ್ಷಿಕೋತ್ಸವ, ಯಕ್ಷಗಾನ, ಭಜನೆಗಳ ಜೊತೆಗೆ ಉಚಿತ ವೈದ್ಯಕೀಯ ಶಿಬಿರಗಳೂ ನಡೆಯುತ್ತವೆ. ಅಂಥ ಶಿಬಿರಗಳಲ್ಲಿ ಸಕ್ಕರೆ, ರಕ್ತದೊತ್ತಡ ನೋಡುವ ಮೇಜಿನ ಪಕ್ಕದಲ್ಲಿ ಒಂದು ಕುರ್ಚಿ ಹಾಕಲು ಅವಕಾಶ ಕೇಳಿ, ಬಂದವರಿಗೆಲ್ಲ ಮೂವತ್ತು ಸೆಕೆಂಡಿನ ಪರೀಕ್ಷೆ ಮಾಡಿಸಿದೆ. ಐವತ್ತರ ಗಂಡಸರೂ ತಮ್ಮ ಕಾಲು ನಡುಗುವುದನ್ನು ಕಂಡು ಸುಮ್ಮನಾದರು. ಸ್ವಲ್ಪ ಹೊತ್ತಿಗೆ ಬಂದು, ತಮ್ಮದಕ್ಕಿಂತ ಮೊದಲು ತಾಯಿಯ ಬಗ್ಗೆ ವಿಚಾರಿಸಿದರು. ಯಾವ ಕರಪತ್ರವೂ ಈ ಕುರ್ಚಿಯಷ್ಟು ಕೆಲಸ ಮಾಡಿಲ್ಲ. ಅಲ್ಲಿ ಸಕ್ಕರೆ ಕಾಯಿಲೆಯವರೂ ಬಹಳ ಮಂದಿ ಸಿಗುತ್ತಾರೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) ಅಧ್ಯಯನ 2023ರಲ್ಲಿ ಹೇಳಿತ್ತು. ದಿನವಿಡೀ ಗಲ್ಲಾದಲ್ಲಿ ಕೂರುವ ಹೋಟೆಲ್ ಮಾಲೀಕರು ಆ ಲೆಕ್ಕದಿಂದ ಹೊರಗಿಲ್ಲ. ಊಟದ ನಂತರದ ನಡಿಗೆ ರಕ್ತದ ಸಕ್ಕರೆಯ ಏರಿಕೆಯನ್ನು ತಗ್ಗಿಸುತ್ತದೆ ಎಂದು ಅವರಿಗೆ ಹೇಳುತ್ತೇನೆ, ಕಲಿಸುತ್ತೇನೆ. ಕಾಯಿಲೆ ವಾಸಿಯಾಗುತ್ತದೆ, ಮಾತ್ರೆ ಬಿಡಬಹುದು ಎಂದು ಮಾತ್ರ ಎಂದೂ ಹೇಳುವುದಿಲ್ಲ. ಹಾಗೆ ಹೇಳಿದರೆ ಬೇಗ ಜನ ಸೇರುತ್ತಾರೆ ಎಂಬುದು ಗೊತ್ತಿದ್ದರೂ, ಒಬ್ಬರು ನನ್ನ ಮಾತು ನಂಬಿ ಮಾತ್ರೆ ನಿಲ್ಲಿಸಿದರೆ ಅದರ ಹೊಣೆ ಹೊರುವವರು ಯಾರು?

ಮಕ್ಕಳು ಮೂರು ತಿಂಗಳ ಶುಲ್ಕವನ್ನು ಯು.ಪಿ.ಐ. ಮೂಲಕ ಮುಂಗಡ ಕಟ್ಟುತ್ತಾರೆ. ಪ್ರತಿ ತಿಂಗಳ ಕೊನೆಗೆ ಅಮ್ಮ ಎಷ್ಟು ಸಲ ಎದ್ದು ಕೂತರು, ಕಣ್ಣು ತೆರೆದು ಒಂಟಿಕಾಲಿನಲ್ಲಿ ಎಷ್ಟು ಸೆಕೆಂಡು ನಿಂತರು ಎಂಬುದನ್ನು ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶವಾಗಿ ಕಳಿಸುತ್ತೇನೆ. ಅವರು ಆ ಸಂದೇಶಕ್ಕೆ ಕಾಯುತ್ತಾರೆ. ವ್ಯಾಯಾಮದ ಜೊತೆಗೆ, ತಾಯಿಯ ಸುದ್ದಿ ಮೂರನೆಯವರ ಬಾಯಿಂದ ಕೇಳುವ ಸಮಾಧಾನಕ್ಕೂ ಅವರು ಹಣ ಕೊಡುತ್ತಿದ್ದಾರೆ ಎಂದು ನನ್ನ ತಿಳಿವಳಿಕೆ. ಹಾಗೆಂದು ಅಮ್ಮಂದಿರ ಮೇಲೆ ಕಣ್ಣಿಡುವ ಕೆಲಸಕ್ಕೆ ನಾನು ಒಪ್ಪುವುದಿಲ್ಲ. ಮೊದಲ ಕರೆಯನ್ನು ಮಕ್ಕಳಿಲ್ಲದೆ ಅಮ್ಮನ ಜೊತೆ ಮಾತ್ರ ಮಾಡುತ್ತೇನೆ; ಅವರಿಗೆ ಇಷ್ಟವಿಲ್ಲವೆಂದರೆ ಶುಲ್ಕ ವಾಪಸು. ಏನನ್ನು ಮಕ್ಕಳಿಗೆ ಹೇಳಬಹುದು, ಏನನ್ನು ಹೇಳಬಾರದು ಎಂಬುದನ್ನೂ ಅವರನ್ನೇ ಕೇಳಿ ಬರೆದುಕೊಳ್ಳುತ್ತೇನೆ. ಊರಿನ ವೈದ್ಯರ ಒಪ್ಪಿಗೆ ಬೇಕು, ತಲೆಸುತ್ತು ಇದ್ದ ದಿನ ರಜೆ, ಮೊದಲ ತಿಂಗಳು ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು.

ಈಗ ನನ್ನ ಆದಾಯದಲ್ಲಿ ಹೆಚ್ಚಿನ ಭಾಗ ಬರುವುದು ಊರಿನ ಅಮ್ಮಂದಿರ ತರಗತಿಗಳಿಂದ. ಹತ್ತೂಮುಕ್ಕಾಲರ ಗೃಹಿಣಿಯರ ತರಗತಿ ಅದರ ನಂತರ. ಬೆಳಗಿನ ಆರು ಗಂಟೆಯದನ್ನು ಪೂರ್ತಿ ನಿಲ್ಲಿಸಿದ್ದೇನೆ. ಇತ್ತೀಚೆಗೆ ದುಬೈ, ಕುವೈತ್‌ನಲ್ಲಿರುವ ಮಕ್ಕಳಿಂದಲೂ ಕರೆ ಬರುತ್ತಿದೆ. ಮುಂಬಯಿಯ ಮಗನಾದರೆ ತುರ್ತು ಬಿದ್ದಾಗ ರಾತ್ರಿಯ ಬಸ್ಸು ಹಿಡಿದು ಬೆಳಗಾದ ಮೇಲಾದರೂ ಊರು ತಲುಪುತ್ತಾನೆ. ಅಲ್ಲಿರುವವರಿಗೆ ಅಷ್ಟು ಸುಲಭವಲ್ಲ. ಆದ್ದರಿಂದ ಅವರ ತಾಯಂದಿರನ್ನು ಸೇರಿಸಿಕೊಳ್ಳುವ ಮೊದಲು, ಕೂಗಿದರೆ ಓಡಿಬರುವಷ್ಟು ಹತ್ತಿರದ ಇಬ್ಬರು ನೆರೆಯವರ ಹೆಸರು ಮತ್ತು ಫೋನ್ ನಂಬರ್ ಕೇಳುತ್ತೇನೆ, ಆ ಇಬ್ಬರ ಜೊತೆಗೂ ಒಮ್ಮೆ ಮಾತನಾಡಿದ ಮೇಲಷ್ಟೇ ತರಗತಿಯ ದಿನ ಗೊತ್ತುಮಾಡುತ್ತೇನೆ.